ಒಂದೇ ಆಟ, ಎರಡು ಬೆಲೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಟಿ. ದಾಸರಹಳ್ಳಿಯ ಬಳಿ ಸಂಜೆಯ ಹೊತ್ತು ನಿಂತವರಿಗೆ ಒಂದು ದೃಶ್ಯ ಕಣ್ಣಿಗೆ ಬೀಳದೆ ಇರದು. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳು ಬಿಟ್ಟೊಡನೆ ರಸ್ತೆಯ ಎರಡು ಮಗ್ಗುಲಲ್ಲಿಯೂ ಹೆಂಗಸರ ಪ್ರವಾಹವೇ ಹರಿದುಬರುತ್ತದೆ. ಕೈಯಲ್ಲಿ ಊಟದ ಡಬ್ಬಿ, ನಡಿಗೆಯಲ್ಲಿ ಅವಸರ, ಮನಸ್ಸಿನಲ್ಲಿ ರಾತ್ರಿಯ ಅಡಿಗೆಯ ಚಿಂತೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಎದ್ದು ಬಂದ ಇವರಲ್ಲಿ ಹನ್ನೊಂದು ಮಂದಿ ಕಾಲ್ಚೆಂಡಾಟಕ್ಕೆ ಮೈದಾನಕ್ಕಿಳಿದರೆ, ಅದನ್ನು ನೋಡಲು ಐವತ್ತು ಸಾವಿರ ಜನ ಹಣ ಕೊಟ್ಟು ಬರುವರೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಆದರೆ ಅಂಥದೊಂದು ಸಂಗತಿ ಪ್ರಪಂಚದಲ್ಲಿ ನಿಜವಾಗಿ ನಡೆದಿದೆ. ಅದೂ ನೂರು ವರ್ಷಗಳ ಹಿಂದೆ.

ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲಿ ಡಿಕ್, ಕೆರ್ ಎಂಬ ಹೆಸರಿನ ಒಂದು ಕಾರ್ಖಾನೆಯಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಅಲ್ಲಿ ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಹೆಂಗಸರು ಸೇರಿದರು. ಬಿಡುವಿನ ವೇಳೆಯಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡನ್ನು ಒದೆಯುತ್ತ ಒದೆಯುತ್ತ ಅವರದೇ ಒಂದು ತಂಡವಾಯಿತು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಸಹಾಯಾರ್ಥವಾಗಿ ಅವರಾಡಿದ ಪಂದ್ಯಕ್ಕೆ ಹತ್ತು ಸಾವಿರ ಜನ ಬಂದರು. 1920ರ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಇದೇ ತಂಡ ಸೇಂಟ್ ಹೆಲೆನ್ಸ್ ತಂಡದೆದುರು ಆಡಿದಾಗ ಒಳಗೆ ಸುಮಾರು 53,000 ಪ್ರೇಕ್ಷಕರು. ಜಾಗ ಸಾಲದೆ ಬಾಗಿಲ ಹೊರಗೆ ಉಳಿದವರು ಇನ್ನೂ ಹಲವು ಸಾವಿರ. ಒಂದೇ ದಿನ ಮೂರು ಸಾವಿರ ಪೌಂಡಿಗೂ ಮಿಕ್ಕಿ ಹಣ ಧರ್ಮಕಾರ್ಯಕ್ಕೆ ಕೂಡಿಬಂದಿತು. ಆಡಿದ ಹುಡುಗಿಯರಿಗೆ ಸಿಗುತ್ತಿದ್ದುದು ಪಂದ್ಯವೊಂದಕ್ಕೆ ಹತ್ತು ಷಿಲಿಂಗ್ ಭತ್ಯ ಮಾತ್ರ.

ಇಷ್ಟು ಜನಾದರಣೆ ಪಡೆದ ಆಟಕ್ಕೆ ಮುಂದೇನಾಯಿತು? ಮರು ವರ್ಷವೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಅಧೀನದ ಮೈದಾನಗಳಲ್ಲಿ ಹೆಂಗಸರ ಪಂದ್ಯ ನಡೆಯಕೂಡದೆಂದು ಅಪ್ಪಣೆ ಹೊರಡಿಸಿತು. ಈ ಆಟ ಸ್ತ್ರೀಯರಿಗೆ ಒಪ್ಪುವುದಲ್ಲ ಎಂಬುದು ಒಂದು ಕಾರಣ. ವಸೂಲಾದ ಹಣದಲ್ಲಿ ಅತಿಯಾದ ಭಾಗ ಖರ್ಚಿಗೇ ಹೋಗುತ್ತಿದೆ ಎಂಬುದು ಇನ್ನೊಂದು ಕಾರಣ. ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಜರ್ಮನಿಯಲ್ಲಿ 1955ರಿಂದ 1970ರ ವರೆಗೆ, ಬ್ರೆಜಿಲ್ ದೇಶದಲ್ಲಿ 1941ರಿಂದ 1979ರ ವರೆಗೆ ಇಂಥದೇ ನಿರ್ಬಂಧಗಳಿದ್ದುವು.

ಇಂದು ಸ್ತ್ರೀಯರ ಆಟಕ್ಕೆ ಸಮಾನ ಸಂಭಾವನೆಯ ಮಾತು ಬಂದಾಗಲೆಲ್ಲ ಕೇಳಿಬರುವ ಒಂದೇ ಉತ್ತರವುಂಟು: "ಟಿಕೀಟು ಮಾರಾಟವಾಗುವುದಿಲ್ಲ, ಸಂಬಳ ಎಲ್ಲಿಂದ ಬರಬೇಕು?" ಈ ಉತ್ತರವನ್ನು ತೂಗಿ ನೋಡುವಾಗ, ಟಿಕೀಟು ಮಾರಾಟವಾಗುತ್ತಿದ್ದ ಕಾಲದಲ್ಲಿಯೇ ಬಾಗಿಲು ಹಾಕಲಾಯಿತೆಂಬುದನ್ನು ಮರೆಯುವಂತಿಲ್ಲ.

ಕಾರ್ಖಾನೆಯ ನ್ಯಾಯ, ಮೈದಾನದ ನ್ಯಾಯ

ಪೀಣ್ಯದ ಯಾವ ಕಾರ್ಖಾನೆಯಲ್ಲಿಯಾದರೂ ಕನಿಷ್ಠ ವೇತನದ ಪಟ್ಟಿಯನ್ನು ನೋಡಿದರೆ ಗಂಡಸಿಗೊಂದು ದರ, ಹೆಂಗಸಿಗೊಂದು ದರ ಎಂದು ಬರೆದಿರುವುದಿಲ್ಲ. ಸ್ತ್ರೀಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರೆಯಬೇಕೆಂಬುದು ಸಂವಿಧಾನದ 39ನೆಯ ಅನುಚ್ಛೇದದ ಆಶಯ. 1976ರಲ್ಲಿ ಸಮಾನ ಸಂಭಾವನೆ ಕಾಯಿದೆ ಬಂದು ಆ ಆಶಯಕ್ಕೆ ಶಾಸನದ ಬಲ ದೊರಕಿತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಈಗ ಅದು ಸೇರಿಕೊಂಡಿದೆ. ವ್ಯವಹಾರದಲ್ಲಿ ಎಲ್ಲವೂ ಸರಿಯಾಗಿದೆಯೆಂದಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತವರು ಬಹುಮಟ್ಟಿಗೆ ಹೆಂಗಸರು, ಅವರ ಮೇಲ್ವಿಚಾರಣೆಗೆ ನಿಂತವರು ಹೆಚ್ಚಾಗಿ ಗಂಡಸರು ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೂ ಕೇಳುವುದಕ್ಕೆ ಒಂದು ನಿಯಮವಾದರೂ ಇದೆ.

ಈ ನಿಯಮದ ಬಗೆಗೆ ಸುಪ್ರೀಂ ಕೋರ್ಟು 1987ರಲ್ಲಿ ಕೊಟ್ಟ ಒಂದು ತೀರ್ಪು ನೆನಪಿಡತಕ್ಕದ್ದು. ಮೆಕಿನನ್ ಮೆಕೆಂಝಿ ಕಂಪೆನಿಯಲ್ಲಿ ಮಹಿಳಾ ಸ್ಟೆನೋಗ್ರಾಫರುಗಳಿಗೆ ಅದೇ ಕೆಲಸ ಮಾಡುವ ಪುರುಷರಿಗಿಂತ ಕಡಿಮೆ ಸಂಬಳವಿತ್ತು. ಕಂಪೆನಿ ತನ್ನ ಹಣಕಾಸಿನ ತೊಂದರೆಯನ್ನು ಮುಂದಿಟ್ಟಿತು. ಸಮಾನ ಸಂಭಾವನೆ ಕೊಡುವ ಹೊಣೆ ಮಾಲಿಕನ ಆರ್ಥಿಕ ಶಕ್ತಿಯನ್ನು ಅವಲಂಬಿಸಿದ್ದಲ್ಲ ಎಂದು ನ್ಯಾಯಾಲಯ ಹೇಳಿತು. ಕಚೇರಿಯಲ್ಲಿ "ಹಣವಿಲ್ಲ" ಎಂಬ ಸಬೂಬು ನಡೆಯದು. ಆಟದ ಮೈದಾನದಲ್ಲಿ ಮಾತ್ರ ಅದೇ ಮಾತು ವೇದವಾಕ್ಯ.

ಆಟದಲ್ಲಿ ಭೇದವಿದೆಯೆ ಎಂದರೆ ಅದೂ ಇಲ್ಲ. ಹೆಂಗಸರು ಆಡುವುದೂ ತೊಂಬತ್ತು ನಿಮಿಷವೇ. ಅದೇ ಅಳತೆಯ ಚೆಂಡು, ಅದೇ ಅಗಲದ ಗೋಲು, ಅದೇ ನಿಯಮ. ಸಂಬಳದ ಲೆಕ್ಕ ಮಾತ್ರ ಬೇರೆ. ಭಾರತದ ಮಹಿಳಾ ಲೀಗ್ ಪಂದ್ಯಾವಳಿ ಆರಂಭವಾದದ್ದು 2016-17ರಲ್ಲಿ. ಲೀಗಿನ ಪ್ರತಿಯೊಂದು ತಂಡವೂ ಕಡೆಯ ಪಕ್ಷ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಕರಾರು ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಗೊತ್ತುಮಾಡಿದ್ದು 2023ರಲ್ಲಿ. ಅಂದರೆ ತಿಂಗಳಿಗೆ ಸುಮಾರು 26,600 ರೂಪಾಯಿ. ಅದೇ ವರ್ಷಗಳಲ್ಲಿ ಪುರುಷರ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಹದಿನಾರೂವರೆ ಕೋಟಿ ರೂಪಾಯಿ ಮೀರಕೂಡದೆಂದು ಮಿತಿ ಹಾಕಲಾಗಿತ್ತು. ಒಂದು ಕಡೆ ಕೆಳಗಿನ ಗೆರೆ ಎಳೆಯಬೇಕಾಯಿತು, ಇನ್ನೊಂದು ಕಡೆ ಮೇಲಿನ ಗೆರೆ. ಅಂತರವನ್ನು ತಿಳಿಯಲು ಇದಕ್ಕಿಂತ ಬೇರೆ ಲೆಕ್ಕ ಬೇಕಾಗಿಲ್ಲ.

ಕೇಳಿದವರು, ಪಡೆದವರು

ತಮ್ಮ ಆಟದಿಂದ ಬಂದ ಹಣದಲ್ಲಿ ಪಾಲು ಕೇಳಿದ ಆಟಗಾರ್ತಿಯರ ಕಥೆ ಹೊಸದೇನಲ್ಲ. 1971ರಲ್ಲಿ ಮೆಕ್ಸಿಕೋ ದೇಶದಲ್ಲಿ ಅಧಿಕೃತವಲ್ಲದ ಒಂದು ಮಹಿಳಾ ವಿಶ್ವಕಪ್ ನಡೆಯಿತು. ಮೆಕ್ಸಿಕೋ-ಡೆನ್ಮಾರ್ಕ್ ತಂಡಗಳ ಅಂತಿಮ ಪಂದ್ಯಕ್ಕೆ ಆಜ್ಟೆಕಾ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಟಿಕೀಟು ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದರೂ ತಮಗೆ ಬಿಡಿಗಾಸೂ ಇಲ್ಲದ್ದನ್ನು ಕಂಡು ಮೆಕ್ಸಿಕೋದ ಹುಡುಗಿಯರು ಇಪ್ಪತ್ತು ಲಕ್ಷ ಪೆಸೋ ಕೊಡದಿದ್ದರೆ ಆಡುವುದಿಲ್ಲವೆಂದು ಹಟ ಹಿಡಿದರು. ಕಡೆಗೆ ಅದಿಲ್ಲದೆಯೇ ಆಡಿದರು. ಡೆನ್ಮಾರ್ಕ್ ಮೂರು ಗೋಲುಗಳಿಂದ ಗೆದ್ದಿತು.

ಅಮೆರಿಕದ ಆಟಗಾರ್ತಿಯರ ಹಟ ಮಾತ್ರ ಫಲ ಕೊಟ್ಟಿತು. 2015ರಲ್ಲಿಯೂ 2019ರಲ್ಲಿಯೂ ವಿಶ್ವಕಪ್ ಗೆದ್ದ ತಂಡ ಅದು. ಅಂಥವರೂ ತಮ್ಮ ದೇಶದ ಪುರುಷರ ತಂಡಕ್ಕಿಂತ ಕಡಿಮೆ ಪಡೆಯುತ್ತಿದ್ದೇವೆಂದು 2019ರ ಮಾರ್ಚ್ 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನದಂದೇ, ತಮ್ಮ ಫೆಡರೇಷನ್ನಿನ ಮೇಲೆ ದಾವೆ ಹೂಡಿದರು. ಅದೇ ಜುಲೈ ತಿಂಗಳಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅವರು ಕಪ್ ಗೆದ್ದಾಗ ಪ್ರೇಕ್ಷಕರೇ "ಸಮಾನ ವೇತನ" ಎಂದು ಕೂಗಿದರು. 2022ರ ಫೆಬ್ರುವರಿಯಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು. ಆ ಬಳಿಕ ಆದ ಒಪ್ಪಂದ ಇನ್ನೂ ಸ್ವಾರಸ್ಯದ್ದು. ವಿಶ್ವಕಪ್ಪಿನ ಬಹುಮಾನದ ಹಣವನ್ನು ಎರಡು ತಂಡಗಳೂ ಒಂದೇ ಗಂಟಿಗೆ ಹಾಕಿ ಹಂಚಿಕೊಳ್ಳಬೇಕೆಂಬುದು ಅದರ ಕರಾರು. 2022ರ ಕತಾರ್ ವಿಶ್ವಕಪ್ಪಿನಲ್ಲಿ ಅಮೆರಿಕದ ಪುರುಷರು ಹದಿನಾರು ತಂಡಗಳ ಸುತ್ತಿನಲ್ಲಿಯೇ ಸೋತು ಹೊರಬಿದ್ದರೂ ದೊರೆತ ಹಣ 1.3 ಕೋಟಿ ಡಾಲರು. 2019ರಲ್ಲಿ ಕಪ್ಪನ್ನೇ ಗೆದ್ದ ಹೆಂಗಸರಿಗೆ ದೊರೆತಿದ್ದುದು 40 ಲಕ್ಷ. ಹೊಸ ಒಪ್ಪಂದದಂತೆ ಗಂಡಸರ ಸೋಲಿನಿಂದ ಹೆಂಗಸರಿಗೆ ಬಂದ ಪಾಲು, ಅವರು ಎರಡು ಕಪ್‌ಗಳನ್ನು ಗೆದ್ದು ಪಡೆದದ್ದಕ್ಕೆ ಹೆಚ್ಚುಕಡಿಮೆ ಸಮವಾಯಿತು!

ನಾರ್ವೆಯಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಲಿಲ್ಲ. 2017ರಲ್ಲಿ ಅಲ್ಲಿಯ ರಾಷ್ಟ್ರೀಯ ತಂಡಗಳಿಗೆ ಸಮಾನ ಸಂಭಾವನೆ ಗೊತ್ತಾದಾಗ ಪುರುಷ ಆಟಗಾರರು ಜಾಹೀರಾತಿನಿಂದ ಬರುವ ತಮ್ಮ ಹಣದಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟರು. ಹಳೆಯ ಕಾಲದ ಮನೆಗಳಲ್ಲಿ ಗಂಡಸರ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಹೆಂಗಸರು ಬಡಿಸಿಕೊಳ್ಳುತ್ತಿದ್ದರು. ಮೊದಲ ಪಂಕ್ತಿಯಲ್ಲಿ ಕುಳಿತವರೇ ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ತಿರುಗಿ ನೋಡಿದರೆ ಮನೆಯ ರೀತಿಯೇ ಬದಲಾಗುತ್ತದೆ. ನಾರ್ವೆಯಲ್ಲಿ ಆದದ್ದು ಇಷ್ಟೇ.

ವಿಶ್ವದ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಲೆಕ್ಕದಲ್ಲಿ ಪಂಕ್ತಿಭೇದ ಇನ್ನೂ ಹೋಗಿಲ್ಲ. 2022ರ ಪುರುಷರ ವಿಶ್ವಕಪ್ಪಿನಲ್ಲಿ 32 ತಂಡ, 64 ಪಂದ್ಯ. 2023ರ ಮಹಿಳೆಯರದರಲ್ಲಿಯೂ 32 ತಂಡ, 64 ಪಂದ್ಯ. ಬಹುಮಾನದ ಮೊತ್ತ ಪುರುಷರಿಗೆ 44 ಕೋಟಿ ಡಾಲರು, ಮಹಿಳೆಯರಿಗೆ 11 ಕೋಟಿ. ನಾಲ್ಕರಲ್ಲಿ ಒಂದು ಪಾಲು. ಆದರೂ 2015ರಲ್ಲಿ ಇದು ಕೇವಲ ಒಂದೂವರೆ ಕೋಟಿಯಾಗಿತ್ತೆಂಬುದನ್ನು ನೆನೆದರೆ, ಎಂಟು ವರ್ಷಗಳಲ್ಲಿ ಎಷ್ಟು ದೂರ ಬಂದಿದೆಯೆಂಬುದೂ ತಿಳಿಯುತ್ತದೆ. ಆ 64 ಪಂದ್ಯಗಳಿಗೆ ಬಂದ ಪ್ರೇಕ್ಷಕರ ಸಂಖ್ಯೆ ಹೆಚ್ಚುಕಡಿಮೆ ಇಪ್ಪತ್ತು ಲಕ್ಷ. ಅದಕ್ಕೂ ಒಂದು ವರ್ಷ ಮೊದಲು, 2022ರ ಏಪ್ರಿಲಿನಲ್ಲಿ, ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಮಹಿಳೆಯರ ಒಂದು ಪಂದ್ಯಕ್ಕೆ 91,648 ಮಂದಿ ಕೂಡಿದ್ದರು. ಹೆಂಗಸರ ಆಟಕ್ಕೆ ಜನ ಬರುವುದಿಲ್ಲವೆಂಬ ಮಾತನ್ನು ಇನ್ನು ಯಾರು ನಂಬಬೇಕು?

ನಮ್ಮೂರಿನ ದೃಷ್ಟಾಂತ

ಪರದೇಶದ ಮಾತೇಕೆ, ಬೆಂಗಳೂರಿನಲ್ಲಿಯೇ ಇದಕ್ಕೆ ಸಾಕ್ಷಿಯುಂಟು, ಅದು ಕ್ರಿಕೆಟ್ಟಿನಲ್ಲಿ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1976ರಲ್ಲಿ ಬೆಂಗಳೂರಿನಲ್ಲಿಯೇ, ವೆಸ್ಟ್ ಇಂಡೀಸ್ ತಂಡದೆದುರು. ನಾಯಕಿ ಇದೇ ಊರಿನ ಶಾಂತಾ ರಂಗಸ್ವಾಮಿ. ಆ ತಲೆಮಾರಿನವರು ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಪ್ರಯಾಣಮಾಡಿ, ಧರ್ಮಛತ್ರದಂಥ ಕೊಠಡಿಗಳ ನೆಲದ ಮೇಲೆ ಮಲಗಿ ದೇಶದ ಪರವಾಗಿ ಆಡಿದರು. 2005ರ ವಿಶ್ವಕಪ್ಪಿನಲ್ಲಿ ತಂಡ ಅಂತಿಮ ಪಂದ್ಯ ತಲಪಿದಾಗಲೂ ಪಂದ್ಯಕ್ಕೆ ಸಿಕ್ಕಿದ್ದು ಸಾವಿರ ರೂಪಾಯಿ ಎಂದು ಆಗಿನ ನಾಯಕಿ ಮಿಥಾಲಿ ರಾಜ್ ಹೇಳಿದ್ದಾರೆ.

2022ರ ಅಕ್ಟೋಬರಿನಲ್ಲಿ ಭಾರತದ ಕ್ರಿಕೆಟ್ ಮಂಡಲಿ ಪಂದ್ಯದ ಶುಲ್ಕವನ್ನು ಸ್ತ್ರೀಪುರುಷರಿಗೆ ಸಮಾನಗೊಳಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ. ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಆ ವರ್ಷದ ವಾರ್ಷಿಕ ಕರಾರಿನಲ್ಲಿ ಪುರುಷರ ಅತ್ಯುನ್ನತ ಶ್ರೇಣಿಗೆ 7 ಕೋಟಿ, ಮಹಿಳೆಯರ ಅತ್ಯುನ್ನತ ಶ್ರೇಣಿಗೆ 50 ಲಕ್ಷ. ಆದರೂ ಒಂದು ಬಾಗಿಲು ತೆರೆದೊಡನೆ ಎಷ್ಟು ಗಾಳಿ ಬಂದಿತೆಂಬುದು ಮರು ವರ್ಷವೇ ಗೊತ್ತಾಯಿತು. ಮಹಿಳೆಯರ ಪ್ರೀಮಿಯರ್ ಲೀಗಿನ ಐದು ವರ್ಷದ ಪ್ರಸಾರದ ಹಕ್ಕಿಗೆ 951 ಕೋಟಿ ರೂಪಾಯಿ ಕೊಡಲು ಜನ ಮುಂದೆ ಬಂದರು. ಬೆಂಗಳೂರಿನ ಹೆಸರು ಹೊತ್ತ ಪುರುಷರ ತಂಡ ಹದಿನಾರು ವರ್ಷ ಆಡಿಯೂ ಗೆಲ್ಲಲಾಗದಿದ್ದ ಕಪ್ಪನ್ನು, 2024ರ ಮಾರ್ಚಿನಲ್ಲಿ ಮಹಿಳೆಯರ ತಂಡ ತನ್ನ ಎರಡನೆಯ ವರ್ಷದಲ್ಲಿಯೇ ಊರಿಗೆ ತಂದಿತು. ಪುರುಷರು ಗೆದ್ದದ್ದು 2025ರಲ್ಲಿ.

ಇಲ್ಲಿ ಯೋಚಿಸಬೇಕಾದ ಅಂಶ ಒಂದೇ. ಮೊದಲು ಜನ ಬಂದು, ಆಮೇಲೆ ಹಣ ಬಂದು, ಕಡೆಗೆ ಸೌಕರ್ಯ ಬಂದದ್ದಲ್ಲ. ಮೊದಲು ಒಳ್ಳೆಯ ಮೈದಾನ, ಅನುಕೂಲವಾದ ವೇಳೆ, ದೂರದರ್ಶನದಲ್ಲಿ ಪ್ರಸಾರ ಇವುಗಳನ್ನು ಕೊಡಲಾಯಿತು. ಜನ ಬಂದದ್ದು ಆಮೇಲೆ. ಬಿತ್ತದೆ ಬೆಳೆ ಕೇಳುವ ರೈತನನ್ನು ಯಾರೂ ಬುದ್ಧಿವಂತನೆನ್ನುವುದಿಲ್ಲ.

ಟಿಕೀಟಿನ ಬೆಲೆ

ಇನ್ನು ಟಿಕೀಟಿನ ಪ್ರಶ್ನೆ. ಸಮಾನ ಸಂಬಳ ಬೇಕೆನ್ನುವವರು ಸಮಾನ ದರದ ಟಿಕೀಟಿಗೂ ಒಪ್ಪಬೇಡವೆ ಎಂದು ಕೆಲವರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ.

2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗಿನ ಮೊದಲ ಆವೃತ್ತಿ ಮುಂಬಯಿಯಲ್ಲಿ ನಡೆದಾಗ ಹೆಂಗಸರಿಗೂ ಹುಡುಗಿಯರಿಗೂ ಪ್ರವೇಶ ಉಚಿತವಾಗಿತ್ತು. 2025ರ ಮಹಿಳಾ ವಿಶ್ವಕಪ್ಪಿನ ಟಿಕೀಟು ನೂರು ರೂಪಾಯಿನಿಂದ ಆರಂಭವಾಯಿತು. ಅದೇ ವರ್ಷ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುರುಷರ ಐ.ಪಿ.ಎಲ್. ಪಂದ್ಯದ ಅತಿ ಅಗ್ಗದ ಟಿಕೀಟೂ ಎರಡು ಸಾವಿರ ರೂಪಾಯಿ ದಾಟಿತ್ತು. ದಾಸರಹಳ್ಳಿಯ ಒಂದು ಸಾಧಾರಣ ಸಂಸಾರ, ಗಂಡಹೆಂಡಿರು ಇಬ್ಬರು ಮಕ್ಕಳು, ಆಟ ನೋಡಲು ಹೊರಟರೆ ಒಂದು ಕಡೆ ನಾನೂರು ರೂಪಾಯಿ, ಇನ್ನೊಂದು ಕಡೆ ಎಂಟು ಸಾವಿರಕ್ಕೂ ಮೇಲು. ತಿಂಗಳ ಕೊನೆಯಲ್ಲಿ ಹಾಲಿನ ಲೆಕ್ಕ, ಶಾಲೆಯ ಶುಲ್ಕ ಕೂಡಿಸುವ ಗೃಹಿಣಿಗೆ ಇವೆರಡರಲ್ಲಿ ಯಾವುದು ಕೈಗೆಟುಕುವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಅಗ್ಗದ ಟಿಕೀಟು ಅವಮಾನವಲ್ಲ. ಅದು ಬಿತ್ತನೆಯ ಕಾಲದ ಬೆಲೆ. ನೂರು ರೂಪಾಯಿ ಕೊಟ್ಟು ಬಂದ ಮಗು ನಾಳೆ ಐನೂರು ಕೊಟ್ಟು ಬರುವ ಪ್ರೇಕ್ಷಕ. 2025ರ ವಿಶ್ವಕಪ್ಪಿನಲ್ಲಿ ಆದದ್ದೂ ಹಾಗೆಯೇ. ಟಿಕೀಟು ಅಗ್ಗವಾಗಿದ್ದರೂ ಬಹುಮಾನದ ಒಟ್ಟು ಮೊತ್ತ 1.388 ಕೋಟಿ ಡಾಲರು. 2023ರ ಪುರುಷರ ವಿಶ್ವಕಪ್ಪಿನ ಒಂದು ಕೋಟಿ ಡಾಲರಿಗಿಂತ ಹೆಚ್ಚು. ನವೆಂಬರ್ 2ರಂದು ನವಿ ಮುಂಬಯಿಯ ಕಿಕ್ಕಿರಿದ ಕ್ರೀಡಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಆ ಕಪ್ಪನ್ನು ಗೆದ್ದರು. ಟಿಕೀಟಿನ ದರಕ್ಕೂ ಆಟಗಾರ್ತಿಯ ಯೋಗ್ಯತೆಗೂ ಗಂಟುಹಾಕಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಟೆನಿಸ್ ಆಟದಲ್ಲಿ ಈ ತಕರಾರೇ ಇಲ್ಲ. ವಿಂಬಲ್ಡನ್ನಿನಲ್ಲಿ ಒಂದೇ ಟಿಕೀಟು ಕೊಂಡವನು ಒಂದೇ ಅಂಗಣದಲ್ಲಿ ಗಂಡಸರ ಆಟವನ್ನೂ ಹೆಂಗಸರ ಆಟವನ್ನೂ ನೋಡುತ್ತಾನೆ. ಯಾರನ್ನು ನೋಡಲು ಬಂದನೆಂದು ಬಾಗಿಲಲ್ಲಿ ಕೇಳುವುದಿಲ್ಲ. ಅಮೆರಿಕನ್ ಓಪನ್ 1973ರಿಂದ, ವಿಂಬಲ್ಡನ್ 2007ರಿಂದ ಸಮಾನ ಬಹುಮಾನ ಕೊಡುತ್ತ ಬಂದಿವೆ. ಕಾಲ್ಚೆಂಡಾಟದಲ್ಲಿಯೂ ಮಧ್ಯಾಹ್ನ ಮಹಿಳೆಯರ ಪಂದ್ಯ, ಸಂಜೆ ಪುರುಷರ ಪಂದ್ಯ, ಎರಡಕ್ಕೂ ಒಂದೇ ಟಿಕೀಟು ಎಂದರೆ ಯಾವ ಆಕಾಶ ಬಿದ್ದೀತು?

ಚೆಂಡು ಯಾರ ಅಂಗಳದಲ್ಲಿ?

ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಕಾಲ್ಚೆಂಡಾಡುವುದಿಲ್ಲವೆಂದು ತಿಳಿದವರು ತಪ್ಪು ತಿಳಿದಿದ್ದಾರೆ. 2020ರ ಜನವರಿ-ಫೆಬ್ರುವರಿ ತಿಂಗಳುಗಳಲ್ಲಿ ಭಾರತದ ಮಹಿಳಾ ಲೀಗಿನ ಅಂತಿಮ ಸುತ್ತು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿಯೇ ನಡೆಯಿತು. ಅಂತಿಮ ಪಂದ್ಯದಲ್ಲಿ ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಪ್ಸಾ ತಂಡವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿತು. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವೇ ಅಂತಿಮ ಪಂದ್ಯದ ವರೆಗೆ ಹೋಗಿ ಅಹಮದಾಬಾದಿನಲ್ಲಿ ಗೋಕುಲಂ ತಂಡಕ್ಕೆ ಸೋತಿತು. 2025ರ ಜುಲೈಯಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡಿನ ನೆಲದಲ್ಲಿ ಆ ದೇಶದ ತಂಡವನ್ನೇ ಸೋಲಿಸಿ, ಅರ್ಹತಾ ಸುತ್ತನ್ನು ದಾಟಿ ಏಷ್ಯಾ ಕಪ್ಪಿಗೆ ಸ್ಥಾನ ಗಳಿಸಿತು. ಅದೇ ವರ್ಷ ಪುರುಷರ ಇಂಡಿಯನ್ ಸೂಪರ್ ಲೀಗ್ ವ್ಯವಹಾರದ ಒಪ್ಪಂದ ಬಗೆಹರಿಯದೆ ಸಕಾಲಕ್ಕೆ ಆರಂಭವಾಗಲೇ ಇಲ್ಲ. ಹಣದ ಮುಗ್ಗಟ್ಟು ಗಂಡಸರ ಆಟಕ್ಕೂ ಬರುತ್ತದೆ. ಆದರೆ ಆಗ ಯಾರೂ ಗಂಡಸರು ಕಾಲ್ಚೆಂಡಾಡುವುದು ತರವೇ ಎಂದು ಕೇಳುವುದಿಲ್ಲ.

ಹಾಗಾದರೆ ನ್ಯಾಯವಾದುದು ಯಾವುದು? ದೇಶದ ತಂಡಕ್ಕೆ ಆಡುವಾಗ ಇಬ್ಬರಿಗೂ ಯಜಮಾನ ಒಬ್ಬನೇ; ಇಬ್ಬರ ಎದೆಯ ಮೇಲಿನ ಧ್ವಜವೂ ಒಂದೇ. ಅಲ್ಲಿ ಪಂದ್ಯದ ಶುಲ್ಕ, ದಿನಭತ್ಯ, ಪ್ರಯಾಣ, ವಸತಿ, ವೈದ್ಯರ ಆರೈಕೆ ಇವುಗಳಲ್ಲಿ ಭೇದವಿರಕೂಡದು. ಕ್ಲಬ್ಬುಗಳ ಮಾತು ಬೇರೆ. ಪೇಟೆಯಲ್ಲಿ ಪ್ರಸಿದ್ಧ ಆಟಗಾರನಿಗೆ ಹೆಚ್ಚು ಸಿಗುವುದನ್ನು ತಡೆಯಲಾಗದು. ಅಲ್ಲಿ ಬೇಕಾದದ್ದು ಆಟಗಾರ್ತಿ ಬೇರೆ ಕೆಲಸಕ್ಕೆ ಓಡದೆ ಆಟದಿಂದಲೇ ಬದುಕುವಷ್ಟು ಸಂಬಳ, ಕೆಲವೇ ವಾರಗಳಲ್ಲಿ ಮುಗಿದುಹೋಗದ ದೀರ್ಘವಾದ ಪಂದ್ಯಾವಳಿ, ಅಭ್ಯಾಸಕ್ಕೆ ಮೈದಾನ.

ಇವು ತಾವಾಗಿ ಬರುವುವೆಂದು ಕಾಯುವವರು ಟಿ. ದಾಸರಹಳ್ಳಿಯ ಹೆಂಗಸರಿಂದ ಒಂದು ಪಾಠ ಕಲಿಯಬಹುದು. ಭವಿಷ್ಯನಿಧಿಯ ಹಣದಲ್ಲಿ ಮಾಲಿಕರ ಪಾಲನ್ನು 58 ವರ್ಷದ ವರೆಗೆ ತೆಗೆಯಕೂಡದೆಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ಬೀದಿಗೆ ಬಂದರು. ತುಮಕೂರು ರಸ್ತೆಯೂ ಅವರಿಂದ ತುಂಬಿತು. ಗಲಭೆಯೂ ಆಯಿತು, ಕಷ್ಟವೂ ಆಯಿತು. ಆದರೆ ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ದುಡಿಮೆಯ ಹಣ ತಮ್ಮದೆಂದು ಹೇಳಲು ಅವರಿಗೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಪ್ರೇಕ್ಷಕನಿಗೆ ಅಷ್ಟು ಕಷ್ಟವೇನಿಲ್ಲ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಳಿದರೆ ಅಶೋಕನಗರದ ಕ್ರೀಡಾಂಗಣ ದೂರವಲ್ಲ. ಮೆಟ್ರೋದಲ್ಲಿ ಗಂಡಸಿಗೂ ಹೆಂಗಸಿಗೂ ದರ ಒಂದೇ. ತಲಪುವ ನಿಲ್ದಾಣವೂ ಒಂದೇ. ಮನೆಯ ಮಗನಿಗೆ ಚೆಂಡು, ಮಗಳಿಗೆ ಬೊಂಬೆ ತರುವ ತಂದೆತಾಯಿಗಳು ಮುಂದಿನ ಸಲ ಇಬ್ಬರನ್ನೂ ಕರೆದುಕೊಂಡು ಹೆಣ್ಣುಮಕ್ಕಳ ಒಂದು ಪಂದ್ಯವನ್ನು ನೋಡಿ ಬರಲಿ. ಜನವಿಲ್ಲ, ಆದ್ದರಿಂದ ಹಣವಿಲ್ಲ ಎನ್ನುವವರಿಗೆ ತುಂಬಿದ ಗ್ಯಾಲರಿಗಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ. ಜನ ಬಂದ ಮೇಲೆಯೂ ಹಣ ಕೊಡದಿದ್ದರೆ, ಆಗ ತಪ್ಪು ಯಾರದೆಂಬುದು ಬಚ್ಚಿಡಲಾಗದೆ ಬಯಲಿಗೆ ಬೀಳುತ್ತದೆ.